ಲಕ್ಷ, ಕೋಟಿ, ಮಿಲಿಯನ್, ಸವ್ವಾ, ದೀಡ: ಆಡಿಟರ್ ಸರ್‌ಗ ಕೇಳ್ರಿ (ಪ್ರಶ್ನೋತ್ತರ)

ಜೇವರ್ಗಿ ರೈತ: ಸರ್ ನಮಸ್ಕಾರ್ರಿ. ಮೊಬೈಲ್‌ನಾಗ ಮಿಲಿಯನ್ ಬಿಲಿಯನ್ ಅಂತಾರಲ್ಲ, ನಮ್ಮ ಲೆಕ್ಕದಾಗ ಎಷ್ಟ ಆಗ್ತದ?

ಆಡಿಟರ್ ಸರ್: ನಮಸ್ಕಾರ. ಮಿಲಿಯನ್ 10 ಲಕ್ಷ, ಬಿಲಿಯನ್ 100 ಕೋಟಿ, ಟ್ರಿಲಿಯನ್ 1 ಲಕ್ಷ ಕೋಟಿ.

ಬೀದರ್ ಭಾಯಿ: ಸರ್, ನಮ್ಮ ದಾದಾ ಅರಬ್ ಖರಬ್ ಅಂತಿದ್ರು, ಅದು?

ಆಡಿಟರ್ ಸರ್: ಅರಬ್ 100 ಕೋಟಿ, ಅಂದ್ರ ಬಿಲಿಯನ್ನೇ. 100 ಅರಬ್ ಕೂಡಿದ್ರ ಖರಬ್, 10,000 ಕೋಟಿ.

ಆಳಂದ ಅಕ್ಕ: ಸರ್ ನಮ್ಮಪ್ಪ ಬಿತ್ತಿಗಿ ಟೈಮಿನಾಗ ಒಬ್ರ ಕಡಿ ಕೈಗಡ ತಗೊಂಡಾನ. ಬಾಯಿಲೆ ಮಾತಾಡಿದ್ದು ಸವ್ವಾ ಲಕ್ಷ, ಖಾತಿಗಿ ಬಂದದ್ದೂ ಅಷ್ಟೇ. ಈಗ ಪ್ರೊನೋಟ್ (ಸಾಲ ತೀರಸ್ತೀನಿ ಅಂತ ಸಹಿ ಮಾಡಿಕೊಡೋ ಕಾಗದ) ನೋಡಿದ್ರ 1,250,000 ಅಂತ ಅಂಕಿ ಅದ, ಅಕ್ಷರದಾಗ ಬರಿಯೋ ಜಾಗ ಖಾಲಿ. ಅಪ್ಪ ಓದಲಾರದೇ ಸಹಿ ಮಾಡ್ಯಾನ. ಕಮಾ ತಪ್ಪಿ ಬಿದ್ದದ ಬಿಡು ಅಂತ ಅಣ್ಣ ಅಂತಾನ, ಖರೇನ್ರಿ?

ಆಡಿಟರ್ ಸರ್: ಅಕ್ಕಾ, ಇದು ಬಿಡೋ ಮಾತಲ್ಲ. ಕಮಾ ಎಲ್ಲಾ ತಗದು ಬರೀ ಅಂಕಿ ನೋಡು ಅಂತ ಅಣ್ಣಗ ಹೇಳ್ರಿ, 1250000, ಇದು ಹನ್ನೆರಡೂವರಿ ಲಕ್ಷ. ಇಂಗ್ಲಿಷ್ ಪದ್ಧತಿಲೆ ಬಲಗಡಿಂದ ಮೂರ್ಮೂರು ಅಂಕಿಗಿ ಕಮಾ ಹಾಕ್ತಾರ, ನಾವು ಮೊದಲ ಮೂರು ಬಿಟ್ಟು ಆಮ್ಯಾಲ ಎರಡೆರಡಕ್ಕ ಹಾಕ್ತೀವಿ, ಅದಕ್ಕ ನಮ್ಮಲ್ಲಿ ಇದೇ ಮೊತ್ತ 12,50,000 ಅಂತ ಬರೀತಾರ. ಸವ್ವಾ ಲಕ್ಷ ಅಂದ್ರ 1,25,000. ಒಂದು ಸೊನ್ನಿ ಜಾಸ್ತಿ ಆಗಿ ಸಾಲ ಹತ್ತು ಪಟ್ಟು ಆಗ್ಯದ, ಕಮಾ ಎಲ್ಲಿ ಇಟ್ರೂ ಅದು ಇಳಿಯಂಗಿಲ್ಲ.

ಅಂಕಿಗೂ ಅಕ್ಷರಕ್ಕೂ ತಾಳ ಬೀಳಲಿಲ್ಲ ಅಂದ್ರ ಅಕ್ಷರದಾಗಿನ ಮೊತ್ತನೇ ನಿಲ್ತದ, ಚೆಕ್, ಪ್ರೊನೋಟ್‌ಗಳಿಗಿ ಇರೋ 1881ರ ನೆಗೋಷಿಯೆಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆ 18ನೇ ಕಲಂ ಅದು. ನಿಮ್ಮ ಪ್ರೊನೋಟ್‌ನಾಗ ಅಕ್ಷರನೇ ಇಲ್ಲ, ನನಗ ಭಯ ಇರೋದೇ ಅಲ್ಲಿ. ಸ್ಟಾಂಪ್ ಇರೋ ಅರ್ಧಮರ್ಧ ಕಾಗದಕ್ಕ ಸಹಿ ಮಾಡಿಕೊಟ್ರ ಅದನ್ನ ತುಂಬೋ ಅಧಿಕಾರ ಇಸ್ಕೊಂಡವ್ರಿಗಿ ಹೋಗ್ತದ ಅಂತ 20ನೇ ಕಲಂ ಅದ. ನಾಳಿ ಅವ್ರು ಆ ಖಾಲಿ ಜಾಗದಾಗ ‘ಹನ್ನೆರಡು ಲಕ್ಷ ಐವತ್ತು ಸಾವಿರ’ ಅಂತ ಬರದ್ರ ನಿಮ್ಮಪ್ಪ ಕೋರ್ಟಿನಾಗ ಒದ್ದಾಡಬೇಕಾಗ್ತದ.

ಈಗಲೇ ಬ್ಯಾಂಕ್ ಸ್ಟೇಟ್‌ಮೆಂಟ್ ತಗೀರಿ, 1,25,000 ಬಂದದ್ದಕ್ಕ ಅದೇ ದೊಡ್ಡ ಸಾಕ್ಷಿ. ಪ್ರೊನೋಟ್‌ದು ಎರಡೂ ಕಡಿ ಫೋಟೋ ಹೊಡ್ಕೋರಿ. ಹಳೇದು ವಾಪಸ್ ತಗೊಂಡು, ‘ಒಂದು ಲಕ್ಷ ಇಪ್ಪತ್ತೈದು ಸಾವಿರ ರೂಪಾಯಿ ಮಾತ್ರ’ ಅಂತ ಅಕ್ಷರದಾಗ ಬರದು ಹೊಸಾದು ಮಾಡಿಸ್ರಿ. ವೈಟ್ನರ್ ಹಚ್ಚಿ ತಿದ್ದೋದು ಯಾರೂ ಮಾಡಬ್ಯಾಡ್ರಿ.

ಶಹಾಪುರ ತಮ್ಮ: ಸರ್ 1 ಮಿಲಿಯನ್ ಅಂದ್ರ ಎಷ್ಟು?

ಆಡಿಟರ್ ಸರ್: ಮ್ಯಾಲ ಅದ.

ಚಿತ್ತಾಪುರ ಹುಡುಗ: *ಫಾರ್ವರ್ಡ್ ಮಾಡಲಾಗಿದೆ:* ಚೆಕ್ ಮೇಲೆ ಕಪ್ಪು ಶಾಯಿಯಲ್ಲಿ ಮೊತ್ತ ಬರೆದರೆ ರಿಸರ್ವ್ ಬ್ಯಾಂಕ್ ಹೊಸ ನಿಯಮದ ಪ್ರಕಾರ ರದ್ದು!! ಎಲ್ಲರಿಗೂ ಕಳಿಸಿ!!

ಆಡಿಟರ್ ಸರ್: ಸುಳ್ಳು. ಕೇಂದ್ರ ಸರ್ಕಾರದ ಸುದ್ದಿ ವಿಭಾಗ ಪಿಐಬಿ 2025ರಾಗೇ ಸುಳ್ಳು ಅಂತ ಹೇಳ್ಯದ. ಓದಲಾರದೇ ಹಿಂಗ ಕಳಿಸಿದ್ರ ಮಂದಿ ಅಂಕಿ ಅಕ್ಷರ ನೋಡೋದು ಬಿಟ್ಟು ಮಸಿ ಬಣ್ಣ ನೋಡ್ಕೋತ ಕೂಡ್ತಾರ.

ಹುಮನಾಬಾದ್ ಕಾಕಾ: ಅಳಿಯ ಜರ್ಮನಿಯಾಗ ಇದ್ದಾನ್ರಿ. ಅಲ್ಲಿ ಬಿಲಿಯನ್ ಬ್ಯಾರೇನೇ ಅಂತಾನ, ನಂಬೋದು ಹ್ಯಾಂಗ?

ಆಡಿಟರ್ ಸರ್: ಕಾಕಾ, ಅಳಿಯ ಹೇಳಿದ್ದು ಖರೇ ಅದ. ಜರ್ಮನಿಯಾಗ 100 ಕೋಟಿಗಿ ಮಿಲಿಯಾರ್ಡೆ ಅಂತಾರ, ಅವರ ಬಿಲಿಯೋನ್ 1 ಲಕ್ಷ ಕೋಟಿ. ಬ್ರಿಟನ್‌ನಾಗೂ ಮೊದಲ ಬಿಲಿಯನ್ ಅಂದ್ರ 1 ಲಕ್ಷ ಕೋಟಿನೇ ಇತ್ತು, ಅಲ್ಲಿನ ಸರ್ಕಾರ 1974ರಾಗ ಈಗಿನ 100 ಕೋಟಿ ಲೆಕ್ಕಕ್ಕ ಬಂತು, ಅದಕ್ಕ ಹಳೇ ಇಂಗ್ಲಿಷ್ ಪುಸ್ತಕ ಓದುವಾಗ ಇಸವಿ ನೋಡಬೇಕು. ಜರ್ಮನ್ ಕಾಗದ ಇದ್ರ ಸೊನ್ನಿ ಎಣಿಸ್ರಿ.

ಚಿತ್ತಾಪುರ ಹುಡುಗ: ಫಾರಿನ್ ಲೆಕ್ಕ ಯಾಕ ಬೇಕು, ನಮ್ಮ ಹಿಂದಿನವರೇ ಅರ್ಬುದ ಅಂದ್ರ 10 ಕೋಟಿ ಅಂತ ಗಟ್ಟಿ ಮಾಡ್ಯಾರ. ಫಾರ್ವರ್ಡ್ ಬಂದದ, ಹಾಕ್ಲೇನು?

ಸೇಡಂ ಮೇಷ್ಟ್ರು: ಹಾಕಬ್ಯಾಡಪ್ಪ. 10 ಕೋಟಿ ಅನ್ನೋದು ಭಾಸ್ಕರಾಚಾರ್ಯರ ಲೀಲಾವತಿದು. ನಮ್ಮ ಮಳಖೇಡದ ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯರು ಗಣಿತಸಾರಸಂಗ್ರಹದಾಗ ಏಕ, ದಶ, ಶತ ಅಂತ 24 ಸ್ಥಾನ ಕೊಟ್ಟಾರ, ಅದರಾಗ ಅರ್ಬುದ 1,000 ಕೋಟಿ. ಇಬ್ರೂ ದೊಡ್ಡವ್ರೇ, ಲೆಕ್ಕ ಬ್ಯಾರೆ. ಒಂದೇ ಅಂತ ಹೇಳೋ ಫಾರ್ವರ್ಡ್ ತಪ್ಪು.

ಚಿತ್ತಾಪುರ ಹುಡುಗ: ಅದು ಇರ್ಲಿ, ಮೊದಲ ಸವ್ವಾ ದೀಡ ಅನ್ನೋ ಹೊರಗಿನ ಮಾತು ಬಿಡಬೇಕು, ಅದರಿಂದಲೇ ಆಳಂದ ಅಕ್ಕಗ ಹಿಂಗ ಆಯ್ತು.

ಬೀದರ್ ಭಾಯಿ: ಹೊರಗಿಂದ್ಯಾವುದು? ನಮ್ಮ ಅಡತಿ ಅಂಗಡಿಯಾಗ ಹಿಂದೂ ಮುಸಲ್ಮಾನ ಎಲ್ರೂ ದೀಡ ಅಡೀಚ ಅಂತಾರ. ನೀ ಹುಟ್ಟಕ್ಕಿಂತ ಮೊದಲಿಂದ ಅದ.

ಚಿತ್ತಾಪುರ ಹುಡುಗ: ಹಂಗಂದ್ರ ಕನ್ನಡ ಗ್ರೂಪ್ ಯಾಕ?

ಬೀದರ್ ಭಾಯಿ: ಮೊದಲ ಮಾತಾಡೋದ ಕಲಿ ತಮ್ಮಾ.

ಯಾದಗಿರಿ ವಿದ್ಯಾರ್ಥಿ: ಸರ್, ಪೇಪರ್‌ನಾಗ ಶತಕೋಟ್ಯಧಿಪತಿ ಅಂತ ಬರೀತಾರ, ಅದು ಡಾಲರ್ ಲೆಕ್ಕನೋ ರೂಪಾಯಿನೋ? ಮತ್ತ ಕೋಟ್ಯಂತರನೋ ಕೋಟ್ಯಾಂತರನೋ?

ಸೇಡಂ ಮೇಷ್ಟ್ರು: ಕೋಟ್ಯಂತರ.

ಆಡಿಟರ್ ಸರ್: ಭಾಯಿ, ಚಿತ್ತಾಪುರ ತಮ್ಮಾ, ಇಬ್ರೂ ಜಗಳ ಸಾಕ್ ಮಾಡ್ರಿ. ದೀಡ ಲಕ್ಷ 1,50,000, ಪಾವಣೆ ಎರಡು ಲಕ್ಷ 1,75,000, ಸವ್ವಾ ಎರಡು 2,25,000, ಅಡೀಚ 2,50,000. ಬಜಾರದಾಗ ನಮ್ಮಪ್ಪನೂ ಹಂಗೇ ಅಂತಿದ್ರು, ಬಾಯಿಲೆ ಎಷ್ಟು ಬೇಕಾದ್ರೂ ಅನ್ರಿ. ಕಾಗದದ ಮ್ಯಾಲ ಮಾತ್ರ ಪೂರಾ ಅಕ್ಷರದಾಗ ಬರೀರಿ. ಆಳಂದ ಅಕ್ಕಗ ಕೇಡು ಮಾಡಿದ್ದು ಸವ್ವಾ ಅಲ್ಲ, ಖಾಲಿ ಬಿಟ್ಟ ಜಾಗ.

ಸುರಪುರ ಸದಸ್ಯ: 1 ಬಿಲಿಯನ್ ಎಷ್ಟು ಕೋಟಿ ಸರ್?

ಆಡಿಟರ್ ಸರ್: ಮ್ಯಾಲ ಓದ್ರಿ. ಮತ್ತ ಮತ್ತ ಹೇಳಂಗಿಲ್ಲ.

ಆಳಂದ ಅಕ್ಕ: ಸರ್, ಅವ್ರಿಗಿ ಫೋನ್ ಮಾಡಿದ್ವಿ. ಹೊಸ ಪ್ರೊನೋಟ್ ಯಾಕ, ನಮ್ಮ ಮ್ಯಾಲ ನಂಬಿಕಿ ಇಲ್ಲೇನು ಅಂದ್ರು. ಈ ಸಲ ಸ್ವಲ್ಪ ಬಡ್ಡಿ ಕೊಟ್ಟು ಕಳಸ್ರಿ ಅಂತಾರ.

ಆಡಿಟರ್ ಸರ್: ರಶೀದಿ ಇಲ್ಲದೇ ಕೈಲೆ ಒಂದ್ ರೂಪಾಯಿ ಕೊಡಬ್ಯಾಡ್ರಿ ಅಕ್ಕಾ, ಕೊಡೋದಿದ್ರ ಖಾತಿಗೇ ಹಾಕ್ರಿ. ನಾಳಿ ಮುಂಜಾನೆ ಅಪ್ಪನ್ನ ಕರ್ಕೊಂಡು ಕಲಬುರಗಿ ಕೋರ್ಟಿಗಿ ಬರ್ರಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಾಗ ಆದಾಯ ಕಡಿಮಿ ಇದ್ದವ್ರಿಗಿ ಪುಕ್ಕಟೆ ವಕೀಲ್ರನ್ನ ಕೊಡ್ತಾರ. ಸ್ಟೇಟ್‌ಮೆಂಟ್, ಫೋಟೋ ಎರಡೂ ತರ್ರಿ, ಬರೋ ಮೊದಲ ನನಗ ಇನ್‌ಬಾಕ್ಸ್ ಮಾಡ್ರಿ. ಉಳಿದವ್ರು ಇಲ್ಲಿ ಜಗಳ ನಿಲ್ಲಿಸ್ರಿ, ಅಕ್ಕನ ಮೆಸೇಜ್ ಹುಡುಕೋದೇ ಕಷ್ಟ ಆಗ್ಯದ.