ಅಪ್‌ಡೇಟ್: ಕಿಡ್ನಿ ಸ್ಲೈಡ್‌ಗಳ ಕಂದು ಹಿನ್ನೆಲೆಗೆ ಕಾರಣ ಸಿಕ್ಕಿತು

ಇಲಿಯ ಮೂತ್ರಪಿಂಡದ ಪ್ಯಾರಾಫಿನ್ ಸೆಕ್ಷನ್‌ಗಳಿಗೆ (ಮೇಣದಲ್ಲಿ ಹುದುಗಿಸಿ ಕತ್ತರಿಸಿದ ತೆಳು ಪದರಗಳು) ಡಿಎಬಿ (ಪೆರಾಕ್ಸಿಡೇಸ್ ಕಿಣ್ವದ ಚಟುವಟಿಕೆ ಇರುವ ಕಡೆ ಕಂದಾಗುವ ರಾಸಾಯನಿಕ) ಹಾಕಿದಾಗ, ನಾವು ಹುಡುಕುವ ಪ್ರೋಟೀನ್ ಇರಬಾರದ ಕಡೆಯೂ ಕಂದು ಬಣ್ಣ ಬರುತ್ತಿದೆಯೆಂದು ಕೇಳಿದ್ದೆ. ನಿಮ್ಮ ಸಲಹೆಯಂತೆ ಪ್ರೈಮರಿ ಆಂಟಿಬಾಡಿ (ಆ ಪ್ರೋಟೀನ್‌ಗೆ ಅಂಟುವ ಪ್ರತಿಕಾಯ) ಬಿಟ್ಟು ಒಂದು ಸ್ಲೈಡನ್ನೂ, ಡಿಎಬಿ ಮಾತ್ರ ಹಾಕಿ ಇನ್ನೊಂದನ್ನೂ ಮಾಡಿ ನೋಡಿದೆ. ಎರಡನೆಯದರಲ್ಲಿ ಕೆಂಪು ರಕ್ತಕಣಗಳಷ್ಟೇ ಕಂದಾಗಿದ್ದವು. ಅಂದರೆ ಅಂಗಾಂಶದ ಸ್ವಂತ ಪೆರಾಕ್ಸಿಡೇಸ್ ಚಟುವಟಿಕೆ ಅಡಗಿರಲಿಲ್ಲ. ಅದನ್ನು ಅಡಗಿಸಲು ಎಂದೋ ತೆರೆದಿದ್ದ ಹೈಡ್ರೋಜನ್ ಪೆರಾಕ್ಸೈಡ್ ಬಾಟಲಿಯನ್ನು ನಂಬಿದ್ದು ನನ್ನದೇ ತಪ್ಪು. ಹೊಸದಾಗಿ ಮಾಡಿದ 3% ದ್ರಾವಣದಲ್ಲಿ 10 ನಿಮಿಷ ಇಟ್ಟಾಗ ರಕ್ತಕಣಗಳ ಕಂದು ಹೋಯಿತು. ಆದರೆ ಮೊದಲ ಸ್ಲೈಡ್‌ನಲ್ಲಿ ಸೂಕ್ಷ್ಮನಾಳಗಳ ಜೀವಕೋಶಗಳೊಳಗೆ ಸಣ್ಣ ಸಣ್ಣ ಕಂದು ಕಣಗಳು ಹಾಗೆಯೇ ಉಳಿದವು. ಮೂತ್ರಪಿಂಡದಲ್ಲಿ ಬಯೋಟಿನ್ (ಒಂದು ಬಿ ವಿಟಮಿನ್) ಹೇರಳವಾಗಿದ್ದು, ಶಾಖದ ಆಂಟಿಜೆನ್ ರಿಟ್ರೀವಲ್‌ನಿಂದ (ಆಂಟಿಬಾಡಿ ಅಂಟುವಂತೆ ಸೆಕ್ಷನ್ ಬಿಸಿಮಾಡುವ ಹಂತ) ಅದು ಇನ್ನಷ್ಟು ತೆರೆದುಕೊಳ್ಳುವುದರಿಂದ, ಬಣ್ಣ ಹಾಕುವ ಕಿಟ್‌ನಲ್ಲಿರುವ ಅವಿಡಿನ್ (ಬಯೋಟಿನ್‌ಗೆ ಬಿಗಿಯಾಗಿ ಅಂಟುವ ಪ್ರೋಟೀನ್) ನೇರವಾಗಿ ಅಲ್ಲಿಗೇ ಅಂಟುತ್ತಿತ್ತು. ಅವಿಡಿನ್-ಬಯೋಟಿನ್ ಬಳಸದ ಪಾಲಿಮರ್ ಕಿಟ್‌ಗೆ ಬದಲಾಯಿಸಿದ ಮೇಲೆ ಪ್ರೈಮರಿ ಬಿಟ್ಟ ಕಂಟ್ರೋಲ್ ಸ್ಲೈಡ್‌ನಲ್ಲಿ ಹೆಮಟಾಕ್ಸಿಲಿನ್‌ನ (ಜೀವಕೋಶಗಳ ನ್ಯೂಕ್ಲಿಯಸ್ ತೋರಿಸುವ ಬಣ್ಣ) ನೀಲಿ ಮಾತ್ರ ಕಾಣುತ್ತಿದೆ.