ಸಹಾಯ ಬೇಕ್ರಿ: ಆಕ್ ಕಮಾಂಡು ಫೈಲಿನ ಹೆಸರನ್ನ ವೇರಿಯೇಬಲ್ ಅನ್ಕೊಳ್ಳಾಕತ್ತೈತಿ

ನಮಸ್ಕಾರ್ರಿ ಎಲ್ಲಾರಿಗೂ. ನಾ ಬಾಗಲಕೋಟಿ ಕಡೆ ಒಂದು ಶುಗರ್ ಫ್ಯಾಕ್ಟರ್‍ಯಾಗ ಕಾಟಾದ ಲೆಕ್ಕಾ ನೋಡ್ತೀನ್ರಿ. ದಿನಾ ಸಂಜಿಗೆ ತಾಲೂಕಿಗೊಂದರಂಗ ಫೈಲ್ ಬರ್ತಾವ, ಲಿನಕ್ಸಿನ್ಯಾಗ ಆಕ್ (awk, ಫೈಲಿನ ಸಾಲು-ಕಾಲಮ್ ಓದಿ ಲೆಕ್ಕಾ ಮಾಡೋ ಕಮಾಂಡು) ಹಾಕಿ ಮೂರನೇ ಕಾಲಮ್ಮಿನ ಟನ್ ಕೂಡಿಸ್ತೀನಿ. ನಿನ್ನೆ ಟೋಟಲ್ ಕಡಿಮಿ ಬಂತು, ಎರರ್ ಗಿರರ್ ಏನೂ ಇಲ್ಲ, ಒಂದೊಂದೇ ತಗದು ನೋಡಿದ್ರ ಮುಧೋಳದ್ದು ಕೂಡೇ ಇಲ್ರಿ! ಕಳಿಸಾಂವ ಆ ಫೈಲಿಗೆ 'ತಾಲೂಕ್=ಮುಧೋಳ.ಟಿಎಕ್ಸ್‌ಟಿ' ಅಂತ ಹೆಸರಿಟ್ಟಾನ (ಖರೇ ಹೆಸರು ಇಂಗ್ಲಿಷ್ ಅಕ್ಷರದಾಗ ಐತಿ). ಅದೊಂದನ್ನ ಕೊಟ್ಟು ಓಡಿಸಿದ್ರ ಕರ್ಸರ್ ಸುಮ್ನ ಮಿಣಕ್ ಮಿಣಕ್ ಅಂತ ಕುಂದರತೈತಿ, ಕಂಟ್ರೋಲ್-ಡಿ ಒತ್ತಿದ್ರ ಟೋಟಲ್ ಸೊನ್ನಿ.

ಮ್ಯಾನುಯಲ್ ಓದಿದ್ರ, ಹೆಸರಿನ್ಯಾಗ ಈಕ್ವಲ್ ಇದ್ದು ಅದರ ಎಡಕ್ಕಿರೋದು ವೇರಿಯೇಬಲ್ ಹೆಸರಾಗೂವಂಗಿದ್ರ ಆಕ್ ಅದನ್ನ ಫೈಲ್ ಅನ್ನಾಂಗೇ ಇಲ್ಲಂತ. ಸಿಂಗಲ್ ಕೋಟ್, ಡಬಲ್ ಕೋಟ್, ಬ್ಯಾಕ್‌ಸ್ಲ್ಯಾಶ್, ಮುಂದ ಎರಡು ಡ್ಯಾಶ್, ಎಲ್ಲಾ ಹಾಕಿ ನೋಡಿದೆ, ಅದ ಹಾಡು. ಹೆಸರಿನ ಮುಂದ ಡಾಟ್ ಸ್ಲ್ಯಾಶ್ ಹಾಕಿದ್ರ ಮಾತ್ರ ಓದ್ತು. ಆದ್ರ ರಿಪೋರ್ಟಿನ್ಯಾಗ ಫೈಲ್‌ನೇಮ್ ಸೈತ ಪ್ರಿಂಟ್ ಮಾಡ್ತೀನಿ, ಅಲ್ಲೆಲ್ಲಾ "./" ಬರಾಕತ್ತೈತಿ, ಸಾಹೇಬ್ರು "ಏನೋ ಇದು ಚುಕ್ಕಿ ಗೀಟು" ಅಂತಾರ. ಹೆಸರು ಬದಲಿ ಮಾಡಪಾ ಅಂದ್ರ ಕಳಿಸಾಂವ ಕೇಳಾಂಗಿಲ್ಲ, ಅದು ಬ್ಯಾರೇ ಕಥಿ.

ನನಗ ತಿಳೀಲಾರದ್ದು ಇಷ್ಟ: ಫೈಲ್ ಅಳಸೋ ಆರ್‌ಎಮ್ (rm) ಕಮಾಂಡಿಗೆ ಡ್ಯಾಶಿನಿಂದ ಶುರು ಆಗೋ ಫೈಲ್ ಕೊಡೂ ಮುಂದ ಎರಡು ಡ್ಯಾಶ್ ಹಾಕಿದ್ರ ಸಾಕು, ಇಲ್ಲಿ ಅದ್ಯಾಕ ನಡ್ಯಾಂಗಿಲ್ಲ? ಮತ್ತ ಡಾಟ್ ಸ್ಲ್ಯಾಶ್ ಇಲ್ದನ, "ಇಲ್ಲಿಂದ ಬರೋದೆಲ್ಲಾ ಫೈಲೇ, ವೇರಿಯೇಬಲ್ ಅಲ್ಲ" ಅಂತ ಆಕ್‌ಗ ಇಲ್ಲಾ ಅದರದ ಗ್ನೂ ಆವೃತ್ತಿ ಜಿಆಕ್‌ಗ (gawk) ಹೇಳೋ ಆಪ್ಶನ್ ಯಾವುದರ ಐತೇನ್ರಿ?