'ಚೇಂಬರ್ ಆರ್ಕೆಸ್ಟ್ರಾ'ಕ್ಕೆ ನಮ್ಮ ಕಡೆ ಏನನ್ನೋಣ?

ಗೆಳೆಯರೇ,

ಒಂದು ಪದ ಬೇಕಾಗಿದೆ. ಸುಮ್ನೆ ಚರ್ಚೆಗಲ್ಲ, ಕರೆಯೋಲೆಯಲ್ಲಿ ಅಚ್ಚು ಹಾಕಿಸಲಿಕ್ಕೆ.

ಕಳೆದ ಚಳಿಗಾಲ ಶಿರಸಿಗೆ 16 ಜನರ ಒಂದು ತಂಡ ಬಂದಿತ್ತು. ವಯೋಲಿನ್, ಅದೇ ಬಳಗದ ದೊಡ್ಡ ವಾದ್ಯಗಳಾದ ವಿಯೋಲಾ, ಚೆಲ್ಲೊ, ಆಳೆತ್ತರದ ಒಂದು ಡಬಲ್ ಬಾಸ್. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ನುಡಿಸುವವರು. ಊರೂರಿಗೆ ಹೋಗಿ ಜನರ ಹತ್ತಿರ ಕೂತು ನುಡಿಸಬೇಕು ಎಂಬುದು ಅವರ ಆಸೆ. ಕರೆಯೋಲೆ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. 'ಚೇಂಬರ್ ಆರ್ಕೆಸ್ಟ್ರಾ' ಎಂದೇ ಬರೆದೆ. ಅಲ್ಲಿಗೇ ಎಡವಿದೆ.

ಕರೆಯೋಲೆ ಹಂಚಿದ ದಿನವೇ ಫೋನ್ ಶುರುವಾಯಿತು. "ರಾಜ್‌ಕುಮಾರ್ ಹಾಡು ಇರ್ತದಾ?" "ಹಾಡುವವರು ಯಾರು?" ಕೇಳಿದವರದ್ದು ತಪ್ಪಲ್ಲ. ನಮ್ಮಲ್ಲಿ ಆರ್ಕೆಸ್ಟ್ರಾ ಅಂದರೆ ಗಣೇಶೋತ್ಸವದ ವೇದಿಕೆ, ಕೀಬೋರ್ಡು, ರಿದಮ್ ಪ್ಯಾಡು, ಸಿನಿಮಾ ಹಾಡು. ಜಾತ್ರೆಯ ರಸಮಂಜರಿ ಬೇರೆಯಲ್ಲ, ಇದು ಬೇರೆಯಲ್ಲ. ಆ ಪದ ಕನ್ನಡಕ್ಕೆ ಬಂದು ಇಲ್ಲೇ ಮನೆ ಮಾಡಿಕೊಂಡಿದೆ. ಈಗ ಅದನ್ನು ಎಬ್ಬಿಸಿ ಬೇರೆ ಕಡೆ ಕೂರಿಸಲು ಆಗುವುದಿಲ್ಲ.

'ಚೇಂಬರ್' ಇನ್ನೂ ಕಷ್ಟ. ಪೇಟೆಯಲ್ಲಿ ಚೇಂಬರ್ ಎಂದರೆ ಗಟಾರದ ಮುಚ್ಚಳದ ಕೆಳಗಿನ ಗುಂಡಿ. ಇಲ್ಲವೇ ವಕೀಲರ ಚೇಂಬರ್, ಸಾಹೇಬರ ಚೇಂಬರ್. ಸಿನಿಮಾ ಸುದ್ದಿ ಓದುವವರಿಗೆ ಫಿಲ್ಮ್ ಚೇಂಬರ್. ಇವುಗಳಲ್ಲಿ ಯಾವುದಕ್ಕೂ ಸಂಗೀತದ ನಂಟಿಲ್ಲ.

ಮೂಲ ಏನು ಅಂತ ನೋಡಿದೆ. ಇಟಲಿಯವರು 'ಮ್ಯೂಸಿಕಾ ದ ಕಾಮೆರಾ' ಅಂದರು. ಕಾಮೆರಾ ಅಂದರೆ ಕೋಣೆ. ಚರ್ಚಿನಲ್ಲಿ ನುಡಿಸುವುದು ಒಂದು ಬಗೆ, ಅರಮನೆಯ ಕೋಣೆಯಲ್ಲಿ ಮನೆಯವರು, ನೆಂಟರು ಕೂತು ಕೇಳುವುದು ಇನ್ನೊಂದು ಬಗೆ. ಫೋಟೋ ತೆಗೆಯುವ ಕ್ಯಾಮರಾ ಕೂಡ ಇದೇ ಪದ. ಮೊದಲು ಅದು 'ಕಾಮೆರಾ ಅಬ್ಸ್‌ಕ್ಯೂರಾ', ಅಂದರೆ ಕತ್ತಲೆ ಕೋಣೆ. ಶಿರಸಿ ಸಿದ್ದಾಪುರದ ಹಳೆಯ ಮನೆಗಳನ್ನು ಕಂಡವರಿಗೆ ಕತ್ತಲೆ ಕೋಣೆ ಗೊತ್ತೇ ಇದೆ, ಅಲ್ವಾ? ಹಿಂದಿಯ 'ಕಮರಾ' ಪೋರ್ಚುಗೀಸರಿಂದ ಬಂದದ್ದು, ಅದರ ಬೇರೂ ಇಲ್ಲೇ. 'ಆರ್ಕೆಸ್ಟ್ರಾ' ಸಹ ಮೊದಲು ಜಾಗದ ಹೆಸರು. ಗ್ರೀಕರ ನಾಟಕದಲ್ಲಿ ಮೇಳದವರು ಕುಣಿಯುವ ಕಣ ಅದು. ಕಣದ ಹೆಸರು ಕಾಲಾನಂತರ ವಾದ್ಯದವರಿಗೆ ಅಂಟಿತು. ಎರಡೂ ಜಾಗದ ಹೆಸರು ಎಂಬುದನ್ನು ಮನಸ್ಸಲ್ಲಿಡಿ. ನನ್ನ ಮಾತು ಅದರ ಮೇಲೇ ನಿಂತಿದೆ.

ಸಿಂಫನಿ ಆರ್ಕೆಸ್ಟ್ರಾದಲ್ಲಿ 80ರಿಂದ 100 ಜನ ಇರುತ್ತಾರೆ. ಚೇಂಬರ್ ಆರ್ಕೆಸ್ಟ್ರಾದಲ್ಲಿ ಸಾಮಾನ್ಯವಾಗಿ 15ರಿಂದ 40. ಆಸ್ಟ್ರಿಯಾದ ಸಂಗೀತಗಾರ ಹೈಡನ್ 1761ರಲ್ಲಿ ಎಸ್ತರ್‌ಹಾಜಿ ಎಂಬ ಸಿರಿವಂತ ಮನೆತನದ ಚಾಕರಿಗೆ ಸೇರಿದಾಗ ಅವನ ಕೈಗೆ ಸಿಕ್ಕಿದ್ದೂ ಇಂಥದೇ ಸಣ್ಣ ತಂಡ. ಕೆಲವು ತಂಡಗಳಲ್ಲಿ ಕೋಲು ಹಿಡಿದು ಎದುರು ನಿಂತು ನುಡಿಸುವವರನ್ನು ನಡೆಸುವವರೇ ಇಲ್ಲ. ನ್ಯೂಯಾರ್ಕಿನ ಆರ್ಫಿಯಸ್ ತಂಡ 1972ರಲ್ಲಿ ಹುಟ್ಟಿದಾಗಿಂದ ಹಾಗೇ ನುಡಿಸುತ್ತಿದೆ. ನಮ್ಮಲ್ಲಿಗೆ ಬಂದವರೂ ಹಾಗೇ ನುಡಿಸಿದರು. ಮುಂದೆ ಕೂತ ವಯೋಲಿನ್‌ನವಳು ಉಸಿರೆಳೆದು ಭುಜ ಎತ್ತುತ್ತಾಳೆ. ಉಳಿದ ಹದಿನೈದು ಜನ ಅದೇ ಗಳಿಗೆಗೆ ಹಿಡಿಯುತ್ತಾರೆ. ನನಗೆ ತಟ್ಟನೆ ಯಕ್ಷಗಾನದ ಹಿಮ್ಮೇಳ ನೆನಪಾಯಿತು. ಭಾಗವತರು ಪದ್ಯ ಎತ್ತುವ ಮೊದಲೇ ಮದ್ದಲೆಯವರಿಗೆ ಗೊತ್ತಾಗಿರುತ್ತದಲ್ಲ, ಅದೇ ರೀತಿ.

ಈಗ ಇರುವ ಪದಗಳಿಗೆ ಬರುತ್ತೇನೆ. 'ವಾದ್ಯವೃಂದ' ನಮಗೆ ರೇಡಿಯೊ ಕೊಟ್ಟ ಪದ. ಆಕಾಶವಾಣಿ 1952ರಲ್ಲಿ ದೆಹಲಿಯಲ್ಲಿ ತನ್ನ ವಾದ್ಯವೃಂದ ಕಟ್ಟಿತು, ರವಿಶಂಕರ್ ಅದಕ್ಕೆ ಸಂಗೀತ ಕೂಡಿಸಿದರು. ಧಾರವಾಡ ಕೇಂದ್ರ ಕೇಳುತ್ತ ಬೆಳೆದ ನಮಗೆ ಆ ಪದ ಹೊಸದಲ್ಲ. ಒಳ್ಳೆಯ ಪದವೇ. ಆದರೆ ಬಾಯಲ್ಲಿ ಓಡುವುದಿಲ್ಲ. "ನಾಳೆ ವಾದ್ಯವೃಂದಕ್ಕೆ ಹೋಗುವಾ" ಎಂದು ಯಾರೂ ಅಂದದ್ದು ನಾನು ಕೇಳಿಲ್ಲ.

ಒಬ್ಬರು 'ಕೊಠಡಿ ವಾದ್ಯವೃಂದ' ಅಂದರು. ಕೊಠಡಿ ಅಂದ ಕೂಡಲೇ ಪರೀಕ್ಷೆ ನೆನಪಾಗುತ್ತದೆ. ಇನ್ನೊಬ್ಬರು 'ಕೋಣೆ ಸಂಗೀತ' ಅಂದರು. ಪದಕ್ಕೆ ಪದ ಸರಿ, ಅರ್ಥಕ್ಕೆ ತಪ್ಪು. ನಮ್ಮ ಮನೆಗಳಲ್ಲಿ ಕೋಣೆ ಅಂದರೆ ಒಳಗಿನದು. ಅಡುಗೆ ಕೋಣೆ, ಬಾಣಂತಿ ಕೋಣೆ. ಹೊರಗಿನವರು ಅಲ್ಲಿಗೆ ಹೋಗುವುದಿಲ್ಲ. ಇಟಲಿಯ ಕಾಮೆರಾ ಹಾಗಲ್ಲ, ಬಂದವರನ್ನು ಕೂರಿಸಿ ಆದರಿಸುವ ಜಾಗ. ಆ ಕೆಲಸ ಮಾಡುವ ಜಾಗ ನಮ್ಮಲ್ಲಿ ಯಾವುದು? ಜಗಲಿ.

ನನಗೆ ಇದು ಹೊಳೆದದ್ದು ಪುಸ್ತಕ ನೋಡಿ ಅಲ್ಲ. ಹಾಲ್‌ನಲ್ಲಿ ಕಾರ್ಯಕ್ರಮ ಮುಗಿದ ಮರುದಿನ ಅವರಲ್ಲಿ ನಾಲ್ಕು ಜನ ಹತ್ತಿರದ ಹಳ್ಳಿಯ ಮನೆಯೊಂದಕ್ಕೆ ಬಂದರು. ಅಡಿಕೆ ಕೊಯ್ಲಿನ ಕಾಲ. ಅಂಗಳದ ತುಂಬ ಅಡಿಕೆ. ಜಗಲಿಯ ಒಂದು ಬದಿ ಕವಳದ ಬಟ್ಟಲು, ಇನ್ನೊಂದು ಬದಿ ನಾಲ್ಕು ಕುರ್ಚಿ. ಚೆಲ್ಲೊದ ಬುಡದಲ್ಲಿ ಒಂದು ಕಬ್ಬಿಣದ ಮೊಳೆ ಇರುತ್ತದೆ, ಅದನ್ನು ನೆಲಕ್ಕೆ ಊರಿ ನುಡಿಸಬೇಕು. ಆ ಮನೆಯದ್ದು ಕೆಂಪು ಸಿಮೆಂಟಿನ ನುಣ್ಣನೆ ನೆಲ. ಮೊಳೆ ಜಾರತೊಡಗಿತು. ಮನೆಯ ಯಜಮಾನರು ಒಳಗೆ ಹೋಗಿ ತೆಂಗಿನ ನಾರಿನ ಕಾಲೊರಸು ತಂದು ಹಾಸಿದರು. ಗಟ್ಟಿಯಾಗಿ ನಿಂತಿತು.

ಆಮೇಲೆ ವಾದ್ಯದವರು ಕಮಾನಿಗೆ ಏನೋ ಉಜ್ಜತೊಡಗಿದರು. ಬೆಲ್ಲದ ಅಚ್ಚಿನ ಹಾಗೆ, ಬೆಳಕಿಗೆ ಹಿಡಿದರೆ ಜೇನಿನ ಬಣ್ಣ. ಕಂಬಕ್ಕೆ ಒರಗಿ ಕೂತಿದ್ದ ಅಜ್ಜಿ ಕೈಗೆ ತೆಗೆದುಕೊಂಡು ಮೂಸಿ ನೋಡಿದರು. "ಇದು ರಾಳ" ಎಂದರು. ಹೌದು, ರಾಳವೇ. ಪೈನ್ ಮರದ ರಾಳ. ಅದನ್ನು ಉಜ್ಜದಿದ್ದರೆ ಕಮಾನಿಗೆ ಕಟ್ಟಿದ ಕುದುರೆ ಬಾಲದ ಕೂದಲು ತಂತಿಯನ್ನು ಹಿಡಿಯುವುದಿಲ್ಲ, ಜಾರಿ ಹೋಗುತ್ತದೆ, ನಾದ ಹೊರಡುವುದಿಲ್ಲ. 'ರೋಸಿನ್'ಗೆ ಕನ್ನಡ ಏನು ಅಂತ ನಾನು ಹಿಂದಿನ ದಿನ ತಲೆ ಕೆಡಿಸಿಕೊಂಡಿದ್ದೆ. ಅಜ್ಜಿ ಮೂಸಿ ಹೇಳಿಬಿಟ್ಟರು.

ಅಂಗಳದಲ್ಲಿ ಅಡಿಕೆ ಸುಲಿಯುತ್ತಿದ್ದವರು ಮೆಟ್ಟುಗತ್ತಿ ಬಿಟ್ಟು ಎದ್ದು ಬಂದು ಮೆಟ್ಟಿಲ ಮೇಲೆ ಕೂತರು. ಹೈಡನ್‌ನದೇ ಒಂದು ಕೃತಿ ಶುರುವಾಯಿತು. ಯಾರೂ ಮಾತಾಡಲಿಲ್ಲ. ವಾದ್ಯಕ್ಕೂ ಕೇಳುವವರಿಗೂ ನಡುವೆ ಎರಡು ಮಾರು ದೂರ. ಕೂದಲು ತಂತಿಗೆ ತಾಗುವ ಸದ್ದೂ ಕೇಳುತ್ತಿತ್ತು. ಹಿಂದಿನ ಸಂಜೆ ಹಾಲ್‌ನಲ್ಲಿ ಇದು ಆಗಿರಲಿಲ್ಲ. ಇದೇ ಜಗಲಿಯಲ್ಲಿ ತಾಳಮದ್ದಲೆ ಆಗುತ್ತದೆ. ವೇಷ ಇಲ್ಲ, ರಂಗಸ್ಥಳ ಇಲ್ಲ, ಅರ್ಥ ಹೇಳುವವರೂ ಕೇಳುವವರೂ ಒಂದೇ ನೆಲದ ಮೇಲೆ ಕೂರುತ್ತಾರೆ. ಕೋಣೆಯ ಸಂಗೀತ ಎಂದು ಇಟಲಿಯವರು ಹೇಳಹೊರಟದ್ದು ಈ ಹತ್ತಿರವನ್ನೇ ಇರಬೇಕು ಅನಿಸಿತು.

ಹಾಗಾಗಿ ನನ್ನ ಸೂಚನೆ: 'ಜಗಲಿ ಮೇಳ'.

ಇದಕ್ಕೆ ಎರಡು ತಕರಾರು ಬರಬಹುದು. ಒಂದು, ಮೇಳ ಅಂದರೆ ಜನ ಯಕ್ಷಗಾನದ ಮೇಳ ಅಂದುಕೊಳ್ಳುತ್ತಾರೆ. ನಿಜ. ಕೆರೆಮನೆಯವರ ಇಡಗುಂಜಿ ಮೇಳ ಎಂದು ಬೆಳೆದ ಕಿವಿ ನಮ್ಮದು. ಆದರೆ ಮೇಳದ ಮೊದಲ ಅರ್ಥ ಕೂಡುವುದು, ಹೊಂದುವುದು. ನಾಲ್ಕು ವಾದ್ಯ ನಾಲ್ಕು ದಾರಿಯಲ್ಲಿ ನಡೆದು ಒಂದು ಕಡೆ ಕೂಡುವ ಈ ಸಂಗೀತಕ್ಕೆ ಅದಕ್ಕಿಂತ ಒಪ್ಪುವ ಪದ ನನಗೆ ಸಿಕ್ಕಿಲ್ಲ. ಬೇಕಾದರೆ ಕೆಳಗೆ 'ತಂತಿವಾದ್ಯಗಳ ಸಂಗೀತ' ಎಂದು ಒಂದು ಸಾಲು ಸೇರಿಸಬಹುದು. ಇನ್ನೊಂದು, 16 ಜನ ಎಲ್ಲ ಜಗಲಿಯಲ್ಲೂ ಹಿಡಿಸುವುದಿಲ್ಲ. ಅದಕ್ಕೇನು, ಈಗಿನ ಚೇಂಬರ್ ಆರ್ಕೆಸ್ಟ್ರಾಗಳು ಕೋಣೆಯಲ್ಲಿ ಹಿಡಿಸುತ್ತವೆಯೇ?

ಜೊತೆಗೆ ಇನ್ನೂ ಒಂದು ಪದ ನೋಡಿ. ತಂಡದವರು ತಮ್ಮನ್ನು 'ಪ್ರಾದೇಶಿಕ' ಎಂದು ಕರೆದುಕೊಳ್ಳುತ್ತಾರೆ, 'ಸಮುದಾಯಕ್ಕೆ ಸಂಗೀತ' ಎನ್ನುತ್ತಾರೆ. ಎರಡೂ ಸರ್ಕಾರಿ ಯೋಜನೆಯ ಭಾಷೆ. 'ಸಮುದಾಯಕ್ಕೆ' ಬದಲು 'ಊರಿಗೆ' ಅಂದರೆ ಸಾಕು. 'ಪ್ರಾದೇಶಿಕ'ಕ್ಕೆ ನಮ್ಮದೇ 'ಸೀಮೆ' ಇದೆ. ಶಿರಸಿ ಸೀಮೆ ಅನ್ನುತ್ತೇವೆ. ಆದರೆ ಕನ್ನಡದಲ್ಲಿ ಸೀಮೆಗೆ ಇನ್ನೊಂದು ಅರ್ಥವೂ ಇದೆ, ಹೊರದೇಶದ್ದು ಅಂತ. ಸೀಮೆಸುಣ್ಣ, ಸೀಮೆಬದನೆ. ಸೀಮೆಎಣ್ಣೆ ಕೂಡ, ನಾವು ಚಿಮಣಿ ಎಣ್ಣೆ ಅಂದರೂ. 'ಸೀಮೆಯ ಮೇಳ' ಅಂದರೆ ನಮ್ಮ ಭಾಗದ ಮೇಳವೂ ಹೌದು, ಹೊರಗಿಂದ ಬಂದ ವಾದ್ಯಗಳ ಮೇಳವೂ ಹೌದು. ಒಂದೇ ಪದದಲ್ಲಿ ಎರಡೂ ಕೂತದ್ದು ನನಗೆ ತುಂಬಾ ಖುಷಿ ಕೊಟ್ಟಿತು.

ಕರಾವಳಿಯವರಿಂದ ನನಗೆ ಉತ್ತರ ಬೇಕು. ಕಾರವಾರ, ಅಂಕೋಲಾ ಕಡೆ ಸಂಗೀತಕ್ಕೆ ಕೂರುವುದನ್ನು 'ಬೈಠಕ್' ಎನ್ನುವುದು ಜಾಸ್ತಿಯೋ, ಬೇರೆ ಪದ ಇದೆಯೋ? ಮನೆಯ ಮುಂದಿನ ಜಾಗಕ್ಕೆ ಜಗಲಿ ಅನ್ನುತ್ತೀರೋ, ಚಾವಡಿಯೋ? ಚರ್ಚುಗಳಲ್ಲಿ ವಯೋಲಿನ್ ನುಡಿಸುವವರ ಗುಂಪಿಗೆ ಕೊಂಕಣಿಯಲ್ಲಿ ಏನನ್ನುತ್ತಾರೆ? ಬಾಯಲ್ಲಿ ಆಡುವ ಪದವೇ ಬೇಕು. ತಂಡದವರು ದೀಪಾವಳಿ ಕಳೆದ ಮೇಲೆ ಕುಮಟಾಕ್ಕೆ, ಅಲ್ಲಿಂದ ಕಾರವಾರಕ್ಕೆ ಬರುತ್ತಾರೆ. ಕರೆಯೋಲೆ ಈ ಸಲವೂ ನಾನೇ ಬರೆಯುವುದು. ಮುದ್ರಣದವರಿಗೆ ಕೊಡಲು ಇನ್ನು ಮೂರು ವಾರ ಇದೆ.